ಮೊಸರಿನ ಗಡಗಿ ಬಾಜು ಆ್ಯಂಟಿಬಾಡಿ

ಹೋದ ವಾರ ನನ್ನ ಫ್ರಿಜ್ಜಿನಾಗ, ಮೊಸರಿನ ಗಡಗಿ ಬಾಜು, ಆ್ಯಂಟಿಬಾಡಿ ಕುಂತಿತ್ತು. ನಗಬ್ಯಾಡ್ರಿ. (ಈ ಶಬ್ದ ಬರಿಯೋದು ಮಂಗಲಾನೇ ಕಲಿಸ್ಯಾಳ.)

ಮಂಗಲಾ ಅಂದ್ರ ನಮ್ಮ ಮ್ಯಾಲಿನ ಖೋಲಿಯಾಗ ಬಾಡಿಗಿಗಿದ್ದ ಹುಡುಗಿ. ಔರಾದ ತವರು, ಭಾಲ್ಕಿ ಅತ್ತಿಮನಿ. ತಾಯಿ ಇಲ್ಲ. ಬೀದರದಾಗ ಪಿಎಚ್‌ಡಿ ಮಾಡ್ತಾಳ. ತುಂಬಿದ ಬಸುರಿ. ಲ್ಯಾಬಿನ ಫ್ರಿಜ್ ಕೆಟ್ಟಿತ್ತಂತ, ಥರ್ಮಾಸಿನಾಗ ಬರ್ಫ್ ಹಾಕ್ಕೊಂಡು ಬೆರಳತುದಿಯಷ್ಟು ಬಾಟ್ಲಿ ತಂದಳು.

"ಆಯಿ, ಇದು ಇಲ್ಲಿರಲಿ. ಮುಟ್ಟಬ್ಯಾಡ್ರಿ."

"ಏನದು? ಔಷಧ?"

"ಅಲ್ಲರಿ. ಕಾಂಗರೂ ಮರಿ ನೋಡೋದಕ್ಕ."

ನನ್ನ ಮನ್ಯಾಗ ಕಾಂಗರೂ! ಕುಂದ್ರಿಸಿ ಕೇಳಿದೆ. ಪರದೇಶದಾಗ ಸತ್ತ ಮರಿದು ಮೈಯೊಳಗಿನ ತುಣುಕು ಮೇಣದಾಗ ಇಟ್ಟು ಕಳಿಸ್ಯಾರಂತ. ಈಕಿ ಅದನ್ನ ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳ್ಳಗ ಕೊಯ್ದು, ಗಾಜಿಗಿ ಹಚ್ಚಿ, ಮ್ಯಾಲ ಆ್ಯಂಟಿಬಾಡಿ ಹಾಕ್ತಾಳ. ರೋಗದ ಕೂಡ ಹೊಡದಾಡೋ ಕಣ ಎಲ್ಲಿರ್ತಾವೋ ಅಲ್ಲಿ ಹೋಗಿ ಅದು ಅಂಟ್ತದ. ಬಣ್ಣ ಹಾಕಿದ್ರ ಅಲ್ಲಷ್ಟೇ ಕಂದು ಕಾಣ್ತದ, ಉಳಿದದ್ದು ನೀಲಿ.

"ಕಾಂಗರೂಗಂತ ಮಾಡಿದ್ದು ಸಿಗೋದು ಕಡಿಮಿ ಆಯಿ. ಇದು ಮನುಷ್ಯಾರಿಗಂತ ಮಾಡಿದ್ದು. ಅಂಟಿದ್ರ ಅಂಟ್ತು. ಹಿಂದಿನವು ಒಂದೂ ಅಂಟಲಿಲ್ಲ."

ಲ್ಯಾಬಿಗಿ ಒಯ್ದು ಹಾಕಿದಳು. ಮರುದಿನ ಸಂಜಿಗಿ ಫೋನ್ ಹಿಡಕೊಂಡು ಓಡಿ ಬಂದಳು, ಆ ಹೊಟ್ಟಿ ಹೊತ್ತು.

"ಅಂಟ್ಯದ ಆಯಿ!"

ನೋಡಿದೆ. ನೀಲಿ ಮ್ಯಾಲ ಸಾಸಿವಿ ಚೆಲ್ಲಿದಂಗ ಕಂದು ಚುಕ್ಕಿ. ಆ ಮರಿ ಹುಟ್ಟಿದಾಗ ಶೇಂಗಾ ಬೀಜದಷ್ಟಂತ. ರೋಗ ತಡಿಯೋ ಅಂಗ ಇನ್ನೂ ತಯಾರಿರಂಗಿಲ್ಲ. ತಾಯಿ ಹೊಟ್ಟಿ ಚೀಲದಾಗ ಹಾಲು ಕುಡಕೋತ ಕುಂತಾಗ ತಯಾರಾಗ್ತಾವ.

"ಚೀಲ ಯಾಕಂತಿ? ಅದು ಉಡಿ," ಅಂದೆ.

ಉಡಿ ನನಗ ಗೊತ್ತದ. ಸೆರಗು ಕಟ್ಟಿ ಹೆಸರಕಾಯಿ ಹಾಕ್ಕೊಂಡೇನಿ, ಹತ್ತಿ ಹಾಕ್ಕೊಂಡೇನಿ. ಕೂಸು ಹಾಕ್ಕೊಳ್ಳಿಲ್ಲ. ಗಂಡ ಸತ್ತ ಮ್ಯಾಲ ನಾ ಮಂದಿ ಹೆಣ್ಣಮಕ್ಕಳ ಉಡಿಗಿ ಒಂದು ಹಿಡಿ ಅಕ್ಕಿ ಹಾಕೋದೂ ನಿಂತಿತು. ಹೊರಗ ಉಡಿ ತುಂಬೋ ಮುಂದ ನಾ ಒಳಗ, ಒಲಿ ಮುಂದ. ಹೋಳಗಿ ಬೇಯಿಸಲಿಕ್ಕ ಮಾತ್ರ ನನ್ನ ಕೈ ಬೇಕು, ಅಲ್ಲೇನ್ರಿ?

ಮಂಗಲಾ ಮತ್ತೊಂದು ಮಾತು ಹೇಳಿದ್ದಳು. ಆ್ಯಂಟಿಬಾಡಿ ಹಾಕದ ಸ್ಲೈಡೂ ಬಾಜು ಇಡ್ತಾರ. ಅದೂ ಕಂದಾತು ಅಂದ್ರ, ಇದು ಅಂಟಿದ್ದೂ ಸುಳ್ಳು. ನಾನೂ ಹಂಗೇ ತೂಗಿ ನೋಡಿದೆ. ಈ ಹುಡುಗಿ ನನಗ ಆಯಿ ಅಂತಾಳ. ಹಾಲು ತರೋಳಿಗೂ ಆಯಿ ಅಂತಾಳ. ಮತ್ತ ತಾಯಿ ಅಂತ ನನಗ ಅಂಟಿದ್ದು ಖರೇ ಏನು?

ಮೊನ್ನಿ ಹಡಿಲಿಕ್ಕ ಭಾಲ್ಕಿಗಿ ಹೊಂಟಳು. ಬರಿ ಉಡಿಲೇ ಕಳಿಸೋದು ಬ್ಯಾಡಂತ ಎದುರ ಮನಿ ಕಾಶೀಬಾಯಿಗಿ ಕರದೆ. ಆಕಿ ಮುತ್ತೈದಿ. ಅಕ್ಕಿ, ಕೊಬ್ಬರಿ ಬಟ್ಟಲ, ಜಂಪರ್ ಪೀಸ್ ತಾಟಿನಾಗ ಇಟ್ಟೆ. ನಾ ಅಡಗಿಮನಿಗಿ ಸರದೆ.

"ಆಯಿ ಎಲ್ಲಿ?" ಮಂಗಲಾನ ದನಿ.

"ಆಕಿ ಯಾಕ? ನಾ ಬಂದೇನಲ್ಲ," ಅಂದಳು ಕಾಶೀಬಾಯಿ.

"ಇಲ್ಲರಿ ಕಾಕಿ. ಆಯಿನೇ ತುಂಬಬೇಕು."

"ಹಡಿಯೋಳು ನೀ. ಹೋಗಿ ಹೋಗಿ ಗಂಡ ಸತ್ತಾಕಿ ಕೈಲೇ ತುಂಬಿಸ್ಕೊಂತೀ? ಇದೇ ಕಲಿಸಿದ್ರೇನು ಕಾಲೇಜಿನಾಗ?"

ಮಂಗಲಾ ತಾಟು ತಾನೇ ಹಿಡಕೊಂಡು ಒಳಗ ಬಂದಳು. ನನ್ನ ಮುಂದ ನೆಲದ ಮ್ಯಾಲ ಕುಂತು ಸೆರಗು ಒಡ್ಡಿದಳು.

"ಬ್ಯಾಡ ಮಗಳ. ಏನರೆ ಹೆಚ್ಚುಕಡಿಮಿ ಆದ್ರ ನನ್ನ ಮ್ಯಾಲ ಬರ್ತದ."

"ಕುಂತುಬಿಟ್ಟೇನಿ ಆಯಿ, ಇನ್ನ ನಾ ಏಳೋದು ತ್ರಾಸ ಅದ. ಲಗೂನ ತುಂಬ್ರಿ, ಬಸ್ ತಪ್ತದ."

ತುಂಬಿದೆ. ರೂಢಿ ತಪ್ಪಿದ ಕೈ, ಅರ್ಧಾ ಅಕ್ಕಿ ನೆಲಕ್ಕ ಬಿತ್ತು. ಬಾಗಲದಾಗ ನಿಂತ ಕಾಶೀಬಾಯಿ ಗೊಣಗಿದಳು. ಗೊಣಗಿಕೋತನೇ ಬಗ್ಗಿ ಅಕ್ಕಿ ಆರಿಸಿ ಅದೇ ಉಡಿಗಿ ಹಾಕಿದಳು.

ಬಸ್ ಹೋಯ್ತು. ಫ್ರಿಜ್ಜಿನಾಗ ಮೊಸರಿನ ಬಾಜು ಜಾಗಾ ಖಾಲಿ ಅದ. ಗಡಗಿ ಸರಿಸಿಲ್ಲ. ಕೂಸಿನ ಕೂಡ ಬರ್ತೇನಿ ಅಂದಾಳ. ಹೊರಗ ಹಾರನ್ ಆದ್ರ ಕಿವಿ ಅಲ್ಲೇ ಹೋಗ್ತದ.

ಭಾಲ್ಕಿಯಿಂದ ಇಷ್ಟು ಬಸ್ಸು ಬರ್ತಾವಲ್ರಿ, ಒಂದರಾಗಾದ್ರೂ ನನ್ನ ಕೂಸಿಗಿ ಜಾಗಾ ಇರಂಗಿಲ್ಲೇನು?