ಹಳೇ ಸರ್ವರ್ ಮುಂದೆ ಕೂತ ದನದ ಡಾಕ್ಟ್ರು

ಅವರ ಬಲಗೈಯ ಉಗುರುಗಳು ಯಾವಾಗ ನೋಡಿದರೂ ಬುಡದವರೆಗೆ ಕತ್ತರಿಸಿರುತ್ತಿದ್ದವು. ಎಡಗೈಯದು ಹೇಗಾದರೂ ಇರಲಿ, ಬಲಗೈ ಮಾತ್ರ ಈಗಷ್ಟೇ ಸೋಪು ಹಾಕಿ ತೊಳೆದಂತೆ. ಅಂಗಿಯ ಎಡತೋಳಿಗೆ ಮಣಿಕಟ್ಟಿನಲ್ಲಿ ಗುಂಡಿ ಹಾಕಿ, ಬಲತೋಳನ್ನು ಭುಜದವರೆಗೆ ಮಡಚಿಕೊಂಡು ಬಂದ ಆ ಎತ್ತರದ ಮನುಷ್ಯನನ್ನು ನೋಡಿ, ತುಮಕೂರಿನ ನನ್ನ ಕಂಪ್ಯೂಟರ್ ಸೆಂಟರಿನ ಹುಡುಗಿಯರು ಮೊದಲ ದಿನ ದುಪಟ್ಟಾ ಅಡ್ಡ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಆ ಕೈ ಹಾಗೇಕಿದೆ ಎಂದು ನನಗೆ ಗೊತ್ತಿತ್ತು.

ತೊಂಬತ್ತರ ದಶಕದ ಮೊದಲಲ್ಲಿ ನಾನು ಗುಬ್ಬಿಯಲ್ಲಿ ಹೈಸ್ಕೂಲು ಓದುತ್ತಿದ್ದಾಗ ನಮ್ಮ ಮನೆಯ ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಬಿದ್ದಿತ್ತು. ಬೆಳಗ್ಗೆಯಿಂದ ಒದ್ದಾಡಿ ಹಸು ಸೋತುಹೋಗಿತ್ತು. ಅಪ್ಪ ಸೈಕಲ್ಲಿನಲ್ಲಿ ಹೋಗಿ ಕರೆತಂದ ದನದ ಡಾಕ್ಟ್ರು ಬಂದವರೇ ಅಂಗಿ ಬಿಚ್ಚಿ, ತೋಳಿಗೆಲ್ಲ ಸೋಪು ಸವರಿಕೊಂಡು, ಕೊಟ್ಟಿಗೆಯ ಕಂಬ ಹಿಡಿದು ಅಳುತ್ತಿದ್ದ ನನ್ನ ಕಡೆ ತಿರುಗಿದರು.

“ಇವ್ಳ ಹೆಸರೇನವ್ವಾ?”

“ಕೆಂಪಿ.”

“ಕೆಂಪೀ, ಸ್ವಲ್ಪ ತಡ್ಕೋ ತಾಯಿ” ಎನ್ನುತ್ತಾ ಕೈ ಒಳಗೆ ಹಾಕಿದರು. ಕಣ್ಣು ಮುಚ್ಚಿಕೊಂಡು, ಬರೀ ಬೆರಳಿನಲ್ಲೇ ಕರುವನ್ನು ಹುಡುಕಿ, ಹಿಂದಕ್ಕೆ ನೂಕಿ, ನಿಧಾನವಾಗಿ ನೇರ ಮಾಡಿದರು. ಅಷ್ಟು ಹೊತ್ತೂ ಕೆಂಪಿಯ ಜೊತೆ ಮಾತಾಡುತ್ತಲೇ ಇದ್ದರು. ಕರು ಬದುಕಿತು, ಕೆಂಪಿಯೂ ಉಳಿದಳು. ಒಳಗೆ ಎಲ್ಲೂ ಗೀರಬಾರದೆಂದು ಉಗುರು ಹಾಗೆ ಕತ್ತರಿಸುತ್ತಾರೆ ಎಂದು ಆಮೇಲೆ ಅಪ್ಪ ಹೇಳಿದರು.

ಆ ಡಾಕ್ಟ್ರೇ ರಿಟೈರಾದ ಮೇಲೆ ಗುಬ್ಬಿಯಿಂದ ಪ್ರೈವೇಟ್ ಬಸ್ಸಿನಲ್ಲಿ ನನ್ನಲ್ಲಿಗೆ ಕನ್ನಡ ಟೈಪಿಂಗ್ ಕಲಿಯಲು ಬಂದಿದ್ದರು. ಕೆಂಪಿಯ ವಿಷಯ ನೆನಪು ಮಾಡಿದೆ. ಅವರು ಕಿವಿಗೆ ಕೈ ಅಡ್ಡ ಹಿಡಿದು, “ಜೋರಾಗಿ ಹೇಳಮ್ಮಾ, ಕಿವಿ ಹೋಗ್ಬಿಟ್ಟಿದೆ” ಎಂದರು. ನಾನು ಅದನ್ನೇ ದಪ್ಪಕ್ಷರದಲ್ಲಿ ಟೈಪ್ ಮಾಡಿ ತೋರಿಸಿದೆ. ಓದಿ, ಪರದೆಯನ್ನೇ ನೋಡುತ್ತಾ, “ಎಡಗಾಲು ಮಡಚ್ಕೊಂಡಿತ್ತು ಆ ಕರು, ಅಲ್ವಾ?” ಎಂದು ಇಡೀ ಸೆಂಟರಿಗೆ ಕೇಳುವಂತೆ ಕೂಗಿದರು. ಕಿವಿ ಕೇಳದವರ ದನಿ ಜೋರು. ಅಂದಿನಿಂದ ನಾನು ಟೈಪ್ ಮಾಡುವುದು, ಅವರು ಕೂಗಿ ಉತ್ತರ ಕೊಡುವುದು ನಮ್ಮ ಮಾತಿನ ರೀತಿಯಾಯಿತು. ಪಕ್ಕದಲ್ಲಿ ಅಕೌಂಟ್ಸ್ ಕಲಿಯುತ್ತಿದ್ದವರಿಗೆಲ್ಲ ಕೆಚ್ಚಲು ಬಾವಿನಿಂದ ಹಿಡಿದು ಗರ್ಭದ ತೊಂದರೆಯವರೆಗೆ ಪಾಠ ಆಗುತ್ತಿತ್ತು.

ಟೈಪಿಂಗ್ ಕಲಿಯುವುದರ ಹಿಂದೆ ಅವರಿಗೊಂದು ಆಸೆಯಿತ್ತು. “ಜನ ಈಗ್ಲೂ ಫೋನ್ ಮಾಡ್ತಾರೆ ಟೀಚರಮ್ಮ. ಅವ್ರು ಒಂದು ಹೇಳ್ತಾರೆ, ನಂಗೆ ಇನ್ನೊಂದು ಕೇಳ್ಸುತ್ತೆ. ಭೇದಿ ಅಂದಿದ್ನ ಬೇನೆ ಅಂದ್ಕೊಂಡ್ರೆ ಹಸು ಗತಿಯೇನು? ಬರ್ದು ಕೇಳೋ ಹಂಗೆ ಏನಾದ್ರೂ ಮಾಡ್ಕೊಡು” ಎಂದರು. ಹಾಗೆ ಹುಟ್ಟಿದ್ದು ನಮ್ಮ ವೆಬ್‌ಸೈಟು. ರೈತರ ಮನೆಯಲ್ಲಿ ಆಗ ಕಂಪ್ಯೂಟರ್ ಎಲ್ಲಿಂದ ಬರಬೇಕು? ಅಮೃತೂರು, ನಿಟ್ಟೂರುಗಳ ಬ್ರೌಸಿಂಗ್ ಸೆಂಟರಿನವರು ರೈತರು ಹೇಳಿದ್ದನ್ನು ಟೈಪ್ ಮಾಡಿ ಕಳಿಸುತ್ತಿದ್ದರು. ಡಾಕ್ಟ್ರು ದಿನಾ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಒಂದೇ ಬೆರಳಿನಲ್ಲಿ ಉತ್ತರ ಬರೆಯುತ್ತಿದ್ದರು. ಮೊದಲ ಸಾಲು ಯಾವಾಗಲೂ ಒಂದೇ: “ಹಸುವಿನ ಹೆಸರೇನು?” ಯಾತಕ್ಕೆ ಎಂದು ಒಮ್ಮೆ ಕೇಳಿದೆ. “ಹೆಸರಿಟ್ಟೋರು ದಿನಾ ಮೈ ನೋಡಿರ್ತಾರೆ ಕಣಮ್ಮ. ಅವ್ರು ಹೇಳಿದ್ನ ನಂಬಬೋದು” ಎಂದರು. ನೋಡದೆ ಔಷಧಿ ಬರೆಯುತ್ತಿದ್ದುದು ಕಡಿಮೆ. ಏನು ಮಾಡಬಾರದು, ಎಷ್ಟು ಬೇಗ ಆಸ್ಪತ್ರೆಗೆ ತಿಳಿಸಬೇಕು ಎಂಬುದನ್ನೇ ಹೆಚ್ಚು ಬರೆಯುತ್ತಿದ್ದರು.

ಸೈಟು ಇಡಲು ನಾವು ಬಾಡಿಗೆಗೆ ಹಿಡಿದಿದ್ದ ಲಿನಕ್ಸ್ ಸರ್ವರ್ ಹೊರದೇಶದ ಸಣ್ಣದೊಂದು ಹೋಸ್ಟಿಂಗ್ ಕಂಪನಿಯದು. ದೊಡ್ಡ ಯಂತ್ರವನ್ನು ವಠಾರದ ಮನೆಗಳ ಹಾಗೆ ಪಾಲು ಮಾಡಿ, ಒಂದೊಂದು ಪಾಲನ್ನು ಒಬ್ಬೊಬ್ಬರಿಗೆ ಕೊಟ್ಟಿದ್ದರು. ಒಂದು ಬೆಳಗ್ಗೆ ಆ ಕಂಪನಿಯಿಂದ ಮೇಲ್ ಬಂತು: ವ್ಯವಹಾರ ನಿಲ್ಲಿಸುತ್ತಿದ್ದೇವೆ, ಮುಂದಿನ ತಿಂಗಳೊಳಗೆ ನಿಮ್ಮದನ್ನೆಲ್ಲ ಬೇರೆ ಕಡೆಗೆ ಸಾಗಿಸಿಕೊಳ್ಳಿ. ಅದುವರೆಗೆ ನಾನು ಸರ್ವರ್ ನಡೆಸಿದ್ದೆನೇ ಹೊರತು ಸಾಗಿಸಿರಲಿಲ್ಲ. ಡಾಕ್ಟ್ರಿಗೆ ಟೈಪ್ ಮಾಡಿ ತೋರಿಸಿದೆ: ಮನೆ ಖಾಲಿ ಮಾಡಬೇಕಂತೆ.

“ಯಾಕೆ, ಓನರ್ ಜೊತೆ ಜಗಳ ಆಡ್ದ್ಯಾ?”

ಇಲ್ಲ, ಅವನೇ ಅಂಗಡಿ ಮುಚ್ಚುತ್ತಿದ್ದಾನೆ ಎಂದು ಬರೆದೆ.

“ಪಾಪ” ಎಂದರು. ನಮಗೆ ತೊಂದರೆ ಕೊಟ್ಟವನಿಗೂ ಅವರು ಮೊದಲು ಹೇಳಿದ್ದು ಅದೇ ಮಾತು.

ಹೊಸ ಹೋಸ್ಟಿಂಗ್ ಕಂಪನಿ ಹುಡುಕಿ ಅಲ್ಲೊಂದು ಸರ್ವರ್ ತೆಗೆದುಕೊಂಡೆ. ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ನಕಲು ಮಾಡಿದೆ. ಎಲ್ಲ ಸರಿಯಾಗಿ ಬಂತು ಎಂದುಕೊಂಡು ಸೈಟು ತೆರೆದು ನೋಡಿದರೆ, ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಪ್ರಶ್ನೆ, ಉತ್ತರ, ಊರು, ಹಸುಗಳ ಹೆಸರು, ಎಲ್ಲ ಕಡೆಯೂ ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ಡಾಕ್ಟ್ರು ಕುರ್ಚಿ ಎಳೆದುಕೊಂಡು ಬಂದು ಬಗ್ಗಿ ನೋಡಿದರು. ನೋಡಿದವರೇ ಹೊಟ್ಟೆ ಕುಲುಕಿಸಿಕೊಂಡು ನಗತೊಡಗಿದರು.

“ಇಷ್ಟು ವರ್ಷ ನಾನು ಉತ್ತರ ಬರೀತಿದೀನಿ ಅಂದ್ಕೊಂಡಿದ್ದೆ. ಎಲ್ಲಾ ಪ್ರಶ್ನೇನೇ ಆಗೋಯ್ತಲ್ಲಾ!”

ಅಳು ಬರುವಂತಾಗಿದ್ದ ನನಗೂ ನಗು ಬಂತು. “ಹಳೇದ್ರಲ್ಲಿ ಇನ್ನೂ ನೆಟ್ಟಗಿದೆಯೇನು?” ಎಂದು ಕೇಳಿದರು. ಇದೆ ಎಂದು ತಲೆಯಾಡಿಸಿದೆ. “ಮತ್ತೆ ಯಾಕ್ ಹೆದ್ರಿಕೆ? ಕಾಫಿ ಕುಡ್ದು ಇನ್ನೊಂದ್ಸಲ ಮಾಡು” ಎಂದು ಹೋಟೆಲಿನಿಂದ ಕಾಫಿ ತರಿಸಿದರು. ನಾನು ನಕಲು ತೆಗೆಯುವಾಗ ಇದು ಕನ್ನಡ ಎಂದು ಯಂತ್ರಕ್ಕೆ ಸರಿಯಾಗಿ ಹೇಳಿರಲಿಲ್ಲ, ಅಷ್ಟೇ. ತಿದ್ದಿ ಮತ್ತೆ ಸಾಗಿಸಿದಾಗ ಅಕ್ಷರಗಳೆಲ್ಲ ಮೂಡಿ ಬಂದವು. ಡಾಕ್ಟ್ರು ತಾವು ಬರೆದದ್ದನ್ನು ತಾವೇ ಹೊಸದಾಗಿ ಓದುವವರಂತೆ ಮಧ್ಯಾಹ್ನವೆಲ್ಲ ಓದುತ್ತಾ ಕೂತರು.

ಇನ್ನು ಉಳಿದಿದ್ದು ವಿಳಾಸ ಬದಲಾಯಿಸುವುದು. ನಮ್ಮ ಸೈಟಿನ ಹೆಸರು ಹೊಡೆದವರನ್ನು ಇನ್ನು ಮೇಲೆ ಹೊಸ ಸರ್ವರಿಗೆ ಕಳಿಸಿ ಎಂದು ಒಂದು ಕಡೆ ಬರೆದರೂ, ಆ ಸುದ್ದಿ ಎಲ್ಲ ಊರಿಗೂ ಒಟ್ಟಿಗೆ ಮುಟ್ಟುವುದಿಲ್ಲ. ಒಂದೆರಡು ದಿನ ಕೆಲವರು ಹೊಸದಕ್ಕೆ, ಕೆಲವರು ಹಳೆಯದಕ್ಕೆ ಹೋಗುತ್ತಾರೆ. ಅದಕ್ಕೆ, ‘ಎರಡು ದಿನ ರಜೆ’ ಎಂದು ಹಳೇ ಸರ್ವರಿನಲ್ಲಿ ಬೋರ್ಡು ಹಾಕಿಬಿಡೋಣ ಎಂದು ಟೈಪ್ ಮಾಡಿದೆ.

“ಹಸು ನಮ್ ಬೋರ್ಡ್ ಓದ್ಕೊಂಡು ಕರು ಹಾಕ್ದೆ ಕಾಯುತ್ತೇನಮ್ಮಾ?”

ಆದರೆ ಹಳೆಯದಕ್ಕೆ ಬಂದ ಪ್ರಶ್ನೆ ನಮಗೆ ಹೊಸದರಲ್ಲಿ ಕಾಣುವುದಿಲ್ಲ ಎಂದು ಬರೆದೆ.

“ಹಳೇ ಮನೆ ಬಾಗ್ಲಲ್ಲಿ ಯಾರಾದ್ರೂ ಕೂತ್ಕೋಬೇಕು. ನಾನ್ ಕೂತ್ಕೋತೀನಿ.”

ಅವರ ಮುಂದೆ ಎರಡು ಕಂಪ್ಯೂಟರ್ ಇಟ್ಟೆ. ಒಂದು ಹಳೇ ಸರ್ವರನ್ನೇ ತೋರಿಸುವಂತೆ, ಇನ್ನೊಂದು ಹೊಸದನ್ನು. ಹಳೆಯದಕ್ಕೆ ಬಂದದ್ದಕ್ಕೆ ಹಳೆಯದರಲ್ಲೇ ಉತ್ತರ ಬರೆಯಬೇಕು, ಇಲ್ಲದಿದ್ದರೆ ಕೇಳಿದವರಿಗೆ ಕಾಣುವುದಿಲ್ಲ ಎಂದು ವಿವರಿಸಿದೆ. ಮೊದಲ ದಿನ ಹಳೆಯದರಲ್ಲಿ ಒಂದು ನೊಣವೂ ಸುಳಿಯಲಿಲ್ಲ. ನಿಟ್ಟೂರಿನವರೆಲ್ಲ ಆಗಲೇ ಹೊಸದಕ್ಕೆ ಬರುತ್ತಿದ್ದರು. ಊಟಕ್ಕೂ ಏಳದೆ ಕೂತಿದ್ದ ಅವರನ್ನು ನೋಡಿ ನನಗೇ ಕಸಿವಿಸಿಯಾಯಿತು. “ನಾಳೆ ಬರ್ಬೇಡಿ ಡಾಕ್ಟ್ರೇ” ಎಂದು ಕೂಗಿ ಹೇಳಿದೆ. ಕೇಳಿಸಿತೋ ಇಲ್ಲವೋ, ಮಾರನೆಯ ದಿನ ನಾನು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು.

ಅಂದು ಮಧ್ಯಾಹ್ನ ನಾನು ಪಾಠ ಮಾಡುತ್ತಿದ್ದಾಗ, “ಟೀಚರಮ್ಮಾ!” ಎಂದು ಕೂಗಿದರು. ಹಳೇ ಸರ್ವರಿಗೆ ಅಮೃತೂರಿನಿಂದ ಪ್ರಶ್ನೆ ಬಂದಿತ್ತು. ಬ್ರೌಸಿಂಗ್ ಸೆಂಟರಿನವನ ಸ್ವಂತ ಮನೆಯ ಹಸು. ಬೆಳಗ್ಗೆ ಕರು ಹಾಕಿದೆ, ಆಮೇಲೆ ಕುಸಿದು ಕೂತದ್ದು ಏಳುತ್ತಿಲ್ಲ, ಕತ್ತು ಪಕ್ಕೆಗೆ ತಿರುಗಿಸಿಕೊಂಡಿದೆ, ಕಿವಿ ಮಂಜುಗಡ್ಡೆಯ ಹಾಗಿದೆ. ಬೆಲ್ಲದ ನೀರನ್ನು ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಹೊಯ್ದು ಕುಡಿಸಲು ಹೊರಟಿದ್ದೇವೆ, ಕುಡಿಸಬಹುದೇ?

ಡಾಕ್ಟ್ರು ಹಸುವಿನ ಹೆಸರು ಕೇಳಲಿಲ್ಲ. ಅಷ್ಟು ಬೇಗ ಅವರ ಬೆರಳು ಓಡಿದ್ದನ್ನು ನಾನು ಕಂಡಿರಲಿಲ್ಲ. “ಬಾಯಿಗೆ ಏನೂ ಹಾಕಬೇಡಿ. ನುಂಗಲಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಎರಡೂ ಪಕ್ಕಕ್ಕೆ ಹುಲ್ಲಿನ ಮೂಟೆ ಕೊಟ್ಟು ನೆಟ್ಟಗೆ ಕೂರಿಸಿ. ಮೈಗೆ ಗೋಣಿ ಹೊದಿಸಿ. ಡಾಕ್ಟರನ್ನು ಕಳಿಸುತ್ತಿದ್ದೇನೆ.” ನನ್ನ ಕಡೆ ತಿರುಗಿ, “ಕ್ಯಾಲ್ಸಿಯಂ ಇಳ್ದೋಗಿದೆ. ರಕ್ತಕ್ಕೆ ಕೊಡ್ಬೇಕು, ತಡ ಆದ್ರೆ ಹೋಗ್ಬಿಡ್ತಾಳೆ. ಕುಣಿಗಲ್ ಡಾಕ್ಟರಮ್ಮಂಗೆ ಫೋನ್ ಮಾಡು. ಬಾಟ್ಲು ಬೆಚ್ಚಗೆ ಮಾಡ್ಕೊಂಡು ನಿಧಾನಕ್ಕೆ ಬಿಡು ಅಂತ ಹೇಳು” ಎಂದರು.

ಕುಣಿಗಲ್ಲಿನ ಡಾಕ್ಟರಮ್ಮ ಇವರ ಕೈಕೆಳಗೆ ಕೆಲಸ ಕಲಿತವರು. ನಾನು ಹೇಳಿ ಮುಗಿಸುವ ಮೊದಲೇ, “ನಿಧಾನಕ್ಕೆ ಬಿಡು ಅಂತ ಹೇಳಿರ್ಬೇಕು ಅವ್ರು” ಎಂದು ನಗುತ್ತಲೇ ಫೋನಿಟ್ಟು ಸ್ಕೂಟರ್ ಹತ್ತಿದರು.

ಆಮೇಲೆ ಕಾಯುವುದು. ಕ್ಲಾಸಿನ ಹುಡುಗಿಯರೆಲ್ಲ ಪಾಠ ಬಿಟ್ಟು ಅವರ ಕುರ್ಚಿಯ ಹಿಂದೆ ನಿಂತಿದ್ದರು. ಡಾಕ್ಟ್ರು ಪರದೆಯಿಂದ ಕಣ್ಣು ಕೀಳಲಿಲ್ಲ. ನಾನು ಬೋರ್ಡು ಹಾಕಿಬಿಟ್ಟಿದ್ದರೆ ಆ ಹೊತ್ತಿಗೆ ಅಮೃತೂರಿನಲ್ಲಿ ಏನಾಗಿರುತ್ತಿತ್ತು ಎಂದು ಯೋಚಿಸುವುದಕ್ಕೂ ಮನಸ್ಸು ಬರಲಿಲ್ಲ. ಬಿಸಿಲು ಕಿಟಕಿ ದಾಟಿ ಗೋಡೆಗೆ ಹೋದ ಮೇಲೆ ಹಳೇ ಸರ್ವರಿನ ಪರದೆಯಲ್ಲಿ ಒಂದು ಸಾಲು ಮೂಡಿತು: “ತೇಗಿದಳು, ಸಗಣಿ ಹಾಕಿದಳು, ಎದ್ದು ನಿಂತಳು. ಡಾಕ್ಟರಮ್ಮ ಕಾಫಿ ಕುಡಿಯುತ್ತಿದ್ದಾರೆ.”

ಹುಡುಗಿಯರು ಚಪ್ಪಾಳೆ ತಟ್ಟಿದರು. ಡಾಕ್ಟ್ರಿಗೆ ಚಪ್ಪಾಳೆ ಕೇಳಿಸಿತೋ ಇಲ್ಲವೋ. ಅವರು ಉತ್ತರ ಬರೆಯುತ್ತಿದ್ದರು: “ಈ ಹೊತ್ತು ಕೆಚ್ಚಲು ಬರಿದಾಗುವ ಹಾಗೆ ಹಾಲು ಕರೆಯಬೇಡಿ. ಕರುವಿಗೆ ಬೇಕಾದಷ್ಟು ಸಾಕು.” ಆಮೇಲೆ ಕುರ್ಚಿಗೆ ಒರಗಿ, “ಈಗ ಹಸಿವಾಗ್ತಿದೆ ಕಣಮ್ಮ” ಎಂದರು. ಅಂದು ನಾವೆಲ್ಲ ಸೇರಿ ತಟ್ಟೆ ಇಡ್ಲಿ ತಿಂದೆವು. ಅವರು ಎರಡನೇ ಸಲ ಹಾಕಿಸಿಕೊಂಡು ತಿಂದರು.

ಅದಾದ ಮೇಲೆ ಡಾಕ್ಟರಮ್ಮನೂ ಬಿಡುವಾದಾಗಲೆಲ್ಲ ಉತ್ತರ ಬರೆಯಲು ಶುರು ಮಾಡಿದರು. ಡಾಕ್ಟ್ರಿಗೆ ಅದರಿಂದ ಆದ ಸಂತೋಷ ಅಷ್ಟಿಷ್ಟಲ್ಲ. ಆಕೆ ಬರೆದದ್ದನ್ನು ಓದಿ, “ನನಗಿಂತ ಚೆನ್ನಾಗ್ ಬರೀತಾಳೆ, ಸುಮ್ನೆ ಉದ್ದ ಮಾಡಲ್ಲ” ಎಂದು ಎಲ್ಲರಿಗೂ ಕೂಗಿ ಹೇಳುತ್ತಿದ್ದರು. ಮೂರು ವರ್ಷ ಹೀಗೇ ನೆಮ್ಮದಿಯಾಗಿ ನಡೆಯಿತು. ಒಂದು ಭಾನುವಾರ ಗುಬ್ಬಿಯ ಮನೆಯಲ್ಲಿ ಮಧ್ಯಾಹ್ನದ ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿಯನ್ನು ಸೈಟಿನಲ್ಲಿ ನಾನೇ ಬರೆದೆ. ಎರಡು ಸಾಲು ಬರೆಯಲು ಅಷ್ಟು ಹೊತ್ತು ಹಿಡಿದದ್ದು ನನಗೆ ಅದೇ ಮೊದಲು.

ಈಗಲೂ ನನ್ನ ಕೆಲಸ ಸರ್ವರ್‌ಗಳದ್ದೇ. ಯಾರದ್ದೇ ಸೈಟು ಸಾಗಿಸಲಿ, ತಡವಾಗಿ ಬರುವವರು ಯಾರು, ಅವರು ಏನು ಕೇಳಿಕೊಂಡು ಬರುತ್ತಾರೆ ಎಂಬುದನ್ನು ಮೊದಲು ಯೋಚಿಸುತ್ತೇನೆ. ಇದನ್ನು ನನಗೆ ಯಾವ ಕೋರ್ಸಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಅವರು ಹೋದ ಮುಂದಿನ ವಾರ ಅಮೃತೂರಿನ ಬ್ರೌಸಿಂಗ್ ಸೆಂಟರಿನವನು ಸ್ಟೀಲಿನ ಕ್ಯಾನು ಹಿಡಿದು ಬಂದ. ಅದುವರೆಗೆ ಅವನ ಬರಹ ನೋಡಿದ್ದೆ, ಮುಖ ನೋಡಿರಲಿಲ್ಲ. ಯಾರೆಂದು ಹೇಳಿಕೊಂಡು ಬಾಗಿಲಲ್ಲೇ ನಿಂತ.

“ಆವತ್ತು ಹುಟ್ಟಿತ್ತಲ್ಲ ಆ ಕರು, ಅದು ಮೊನ್ನೆ ಕರು ಹಾಕ್ತು ಮೇಡಂ. ಗಿಣ್ಣು ಹಾಲು. ಡಾಕ್ಟ್ರು ಪಾಲು ಅವ್ರ ಜಾಗಕ್ಕೇ ಮುಟ್ಸು ಅಂದ್ರು ನಮ್ಮವ್ವ. ಅವ್ರ ಮನೆ ನಂಗೊತ್ತಿಲ್ಲ. ಅವ್ರ ಜಾಗ ಅಂದ್ರೆ ಇದೇ ಅಲ್ವಾ?”

“ಇದೇನೇ, ಬನ್ನಿ” ಎಂದೆ. ಬೆಲ್ಲ, ಏಲಕ್ಕಿ ಹಾಕಿ ಸೆಂಟರಿನ ಸ್ಟೌವಿನ ಮೇಲೇ ಗಿಣ್ಣು ಬೇಯಿಸಿದೆ. ಆರುವವರೆಗೂ ಅವನು ನಿಂತೇ ಇದ್ದ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಮೊದಲ ತುಂಡನ್ನು ಅವನ ಕೈಗೇ ಕೊಟ್ಟೆ.