ಆನೆಯ ಗೆರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಅಂಗಳದಲ್ಲಿ ಗಣಿತದ ಶಿಕ್ಷಕಿ ಮೊಣಕಾಲೂರಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದಾರೆ. ದರ್ಜಿಯಾದ ಗಂಡನ ಅಳತೆ ಟೇಪು ಕೊರಳಲ್ಲಿದೆ. ನಿಂತಲ್ಲಿಂದ ಒಂದೇ ನೆಗೆತಕ್ಕೆ ಕಪ್ಪೆ ಎಲ್ಲಿಗೆ ಮುಟ್ಟೀತು, ಮೊಲ ಎಲ್ಲಿಗೆ, ಚಿರತೆ ಎಲ್ಲಿಗೆ, ಒಂದೊಂದಕ್ಕೂ ಒಂದು ಗೆರೆ. ಸಂಜೆಯ ಆಟದಲ್ಲಿ ಎಲ್ಲವೂ ಅಳಿಸಿಹೋಗುತ್ತದೆ.

"ಮನೆ ಬಿಡುವಾಗ ನಮ್ಮತ್ತೆ ದಿನಾ ಕೇಳ್ತಾರೆ, 'ಏನಮ್ಮಾ, ಬೆಳಬೆಳಗ್ಗೆ ಚಿರತೆ ಹಿಂದೆ ಹೊರಟ್ಯಾ?' ಅಂತ" ಎಂದು ನಗುತ್ತಾರೆ.

ಮಗ್ಗಿಯನ್ನು ಗಿಳಿಪಾಠದಂತೆ ಒಪ್ಪಿಸುವ ಮಕ್ಕಳು ಭಾಗಾಕಾರ ಬಂದೊಡನೆ ಕಕ್ಕಾಬಿಕ್ಕಿಯಾಗುವುದನ್ನು ಕಂಡು ಅವರು ಹಿಡಿದ ದಾರಿ ಇದು. ಮಗು ನೆಗೆಯಬೇಕು, ತನ್ನ ನೆಗೆತವನ್ನು ತಾನೇ ಅಳೆಯಬೇಕು, ಪ್ರಾಣಿಯ ನೆಗೆತವನ್ನು ಅದರಿಂದ ಭಾಗಿಸಬೇಕು. ಚಿರತೆಯದು ಆರು ಮೀಟರ್. ನೂರಿಪ್ಪತ್ತು ಸೆಂಟಿಮೀಟರ್ ನೆಗೆದವನಿಗೆ ಅದು ಐದು ಪಟ್ಟು. ಉತ್ತರವನ್ನು ಕಾಲೇ ನೆನಪಿಟ್ಟುಕೊಳ್ಳುತ್ತದೆ.

ಆದರೆ ಇದೇ ಅಂಗಳ ಒಬ್ಬಳನ್ನು ಲೆಕ್ಕದಿಂದ ದೂರ ಮಾಡಿದೆ. ದಪ್ಪನೆಯ ಹುಡುಗಿಯೊಬ್ಬಳು ಒಮ್ಮೆ ಕಪ್ಪೆಯ ಗೆರೆಯನ್ನೂ ಮುಟ್ಟದೆ ಬಿದ್ದಳು. "ಆನೆಮರಿ!" ಎಂದು ಹುಡುಗರು ಕೂಗಿದರು. ಅಂದಿನಿಂದ ಅವಳು ಗೋಡೆಗೊರಗಿ ನಿಲ್ಲುತ್ತಾಳೆ. ಇಲ್ಲವಾದರೆ ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತಾಳೆ.

"ಅವಳ ತಪ್ಪೇನಿದೆ? ನಾನು ಬರೀ ನೆಗೆಯೋ ಪ್ರಾಣಿಗಳನ್ನೇ ಬರ್ದಿದ್ದೆ" ಎನ್ನುತ್ತಾರೆ ಶಿಕ್ಷಕಿ.

ಇಂದು ಅವರು ನೆಗೆತ ಶುರುವಾಗುವ ಗೆರೆಯ ಮೇಲೆಯೇ 'ಆನೆ' ಎಂದು ಬರೆದಿದ್ದಾರೆ. ಗಂಟೆ ಬಾರಿಸುತ್ತಲೇ ಮಕ್ಕಳು ಮುತ್ತುತ್ತಾರೆ.

"ಟೀಚರ್, ಮರ್ತುಬಿಟ್ರಾ? ಆನೆ ಎಲ್ಲಿಗೆ ನೆಗೆಯುತ್ತೆ?"

"ಎಲ್ಲಿಗೂ ಇಲ್ಲ ಕಣ್ರೋ. ಆನೆ ನೆಗೆಯೋದೇ ಇಲ್ಲ."

ಗೋಡೆಯ ಬಳಿಯಿಂದ ಹುಡುಗಿ ಬರುತ್ತಾಳೆ. ಯಾರೂ ಕರೆದಿಲ್ಲ. ನೆಗೆಯುತ್ತಾಳೆ. ಬೀಳುವುದಿಲ್ಲ. ಟೇಪಿನಲ್ಲಿ ಎಪ್ಪತ್ತು ಸೆಂಟಿಮೀಟರ್.

"ಹ್ಞೂಂ, ಆನೆಯ ಎಷ್ಟು ಪಟ್ಟು ನೆಗೆದ್ಲು ಇವಳು? ಮಾಡಿ ಲೆಕ್ಕ."

'ಆನೆಮರಿ' ಎಂದು ಮೊದಲು ಕೂಗಿದವನೇ ಕಡ್ಡಿ ಹಿಡಿದು ನೆಲದ ಮೇಲೆ ಕೂರುತ್ತಾನೆ. ಎಪ್ಪತ್ತರಲ್ಲಿ ಸೊನ್ನೆ ಎಷ್ಟು ಸಲ? ಕಳೆಯುತ್ತಾನೆ, ಮತ್ತೆ ಕಳೆಯುತ್ತಾನೆ. ಎಪ್ಪತ್ತು ಎಪ್ಪತ್ತಾಗಿಯೇ ಉಳಿಯುತ್ತದೆ.

"ಇದು ಮುಗೀತಾನೇ ಇಲ್ವಲ್ಲ ಟೀಚರ್!"

"ಮುಗಿಯಲ್ಲ ಕಣೋ. ಸೊನ್ನೆಯಿಂದ ಭಾಗಿಸೋಕೆ ಬರಲ್ಲ."

"ಹಾಗಾದ್ರೆ ನಾನು ಎಷ್ಟು ಪಟ್ಟು ಅಂತ ಇವನಿಗೆ ಹೇಳೋಕೇ ಆಗಲ್ವಾ?" ಹುಡುಗಿ ಕೇಳುತ್ತಾಳೆ.

"ಇವನಿಗೇನು, ಯಾರಿಗೂ ಆಗಲ್ಲಮ್ಮ."

ಅವಳು ಹಿಂದಕ್ಕೆ ಬಂದು, ಆನೆಯ ಗೆರೆಯ ಮೇಲೆ ಮತ್ತೊಮ್ಮೆ ನಿಲ್ಲುತ್ತಾಳೆ.

ನಿಮಗೇನು ಆಸೆ ಎಂದು ಕೇಳಿದರೆ ಶಿಕ್ಷಕಿ ಟೇಪು ಸುತ್ತುತ್ತಾ ಅವಳತ್ತ ನೋಡುತ್ತಾರೆ.

"ನಾಳೆ ಆ ಮಗೂಗೆ ಹೊಟ್ಟೆ ನೋಯದಿದ್ರೆ ಸಾಕು."