ಮಾಡು ಮಾರುವ ಸಂಚು

ಹೋದ ಶುಕ್ರವಾರ ಬೆಳಿಗ್ಗೆ ನನ್ನ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದೆ. ಆಗ ನನ್ನ ಕಿವಿಗೆ ಬಿದ್ದ ಸುದ್ದಿ ಇದು: ನನ್ನ ಹೆಂಡತಿ ನನಗೆ ತಿಳಿಯದಂತೆ ನನ್ನ ಮಾಡನ್ನು ಮಾರಿಸುತ್ತಿದ್ದಾಳೆ.

ಮಾಡು ಎಂದರೆ ನಮ್ಮ ಉಡುಪಿ ಕಡೆ ಮನೆಯ ಸೂರು. ನಾನು ಹೇಳುತ್ತಿರುವುದು ಕಾರಿನ ಸೂರಿನ ವಿಷಯ. ಕ್ಯಾನ್ವಾಸಿನದು. ಬೇಕಾದಾಗ ಎಳೆದು ಮುಚ್ಚಬಹುದು, ಬೇಡವಾದಾಗ ಮಡಚಿ ಹಿಂದಕ್ಕೆ ತಳ್ಳಬಹುದು. ಕಾರು ಬಲ್ಲವರು ಹುಡ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಮೊದಲ ದಿನದಿಂದ ಮಾಡು.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಕಾರು ಗೊತ್ತಿದೆ. ಹೊಸಬರಿಗೆ ಹೇಳುತ್ತೇನೆ: ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಊರಿಗೆ ಹಿಂತಿರುಗುವ ಅವಸರದಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ಅದನ್ನು ನನ್ನ ಕೊರಳಿಗೆ ಕಟ್ಟಿ ಹಡಗು ಹತ್ತಿದ. (ಅಷ್ಟು ಅವಸರ ಯಾಕಿತ್ತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.) ಗುಮಾಸ್ತನಿಗೆ ಸ್ಪೋರ್ಟ್ಸ್ ಕಾರು ಯಾಕೆ ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಕೇಳಿ ಮುಗಿಸಿದ್ದಾರೆ. ನೀವು ಕೇಳಬೇಡಿ.

ವಯಸ್ಸಾದ ಕಾರಿಗೆ ದಿನಾ ಒಂದು ಕಾಯಿಲೆ. ಅದರ ರಿಪೇರಿಯೆಲ್ಲ ಮದ್ರಾಸಿನ ನಮ್ಮ ನುಂಗಂಬಾಕ್ಕಂ ಮನೆಯ ಹಿತ್ತಿಲಲ್ಲೇ ಆಗಬೇಕು, ನನ್ನ ಕಣ್ಣೆದುರೇ ಆಗಬೇಕು. ಗ್ಯಾರೇಜಿಗೆ ಕಾರು ಬಿಟ್ಟು ಬರುವ ಧೈರ್ಯ ನನಗಿಲ್ಲ. ಒಳಗೆ ಹೋದ ಡೈನಮೋವೇ ಹೊರಗೆ ಬರುತ್ತದೆ ಎಂದು ಏನು ಗ್ಯಾರಂಟಿ? ಪ್ಲಗ್ಗು ನಾನೇ ಬಿಚ್ಚಿ ಉಜ್ಜುತ್ತೇನೆ. ಪೆಟ್ರೋಲನ್ನು ನಾನೇ ಸೋಸಿ ಹಾಕುತ್ತೇನೆ. ಕೈ ಹೊರಗೆ ಚಾಚಿ ಸಿಗ್ನಲ್ ಕೊಡುವ ಕಾಲ ಹೋಯಿತೆಂದು ಮಿನುಗುವ ಇಂಡಿಕೇಟರ್ ದೀಪಗಳನ್ನೂ ನಾನೇ ಕೂಡಿಸಿದೆ. (ಎಡಗಡೆ ಹಾಕಿದರೆ ಬಲಗಡೆಯದು ಮಿನುಗುತ್ತದೆ. ವೈರು ಮಾರಿದವನ ಮೇಲೆ ನನಗೆ ಅನುಮಾನವಿದೆ.) ಗಿಂಡಿಯ ಹೊಸ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಬುಷ್ ಕಡೆಸಲು ಹೋದಾಗ ಲೇಥಿನ ಪಕ್ಕದಲ್ಲೇ ಸ್ಟೂಲ್ ಹಾಕಿಸಿಕೊಂಡು ಕೂತಿದ್ದೆ. ಆತ ಚಹಾಕ್ಕೆ ಎದ್ದರೆ ನಾನೂ ಎದ್ದೆ.

ಇದನ್ನು ಹುಚ್ಚು ಅನ್ನುವಿರಾ? ಹಾಗಾದರೆ ಮದ್ರಾಸಿನ ಹಾಲಿನ ವ್ಯಾಪಾರಕ್ಕೆ ಏನನ್ನುತ್ತೀರಿ?

ನಮ್ಮ ಬೀದಿಯಲ್ಲಿ ಯಾರೂ ಹಾಲನ್ನು ತರಿಸಿಕೊಳ್ಳುವುದಿಲ್ಲ, ದನವನ್ನೇ ತರಿಸಿಕೊಳ್ಳುತ್ತಾರೆ. ಹಾಲಿನ ಗೋವಿಂದನ್ ಬೆಳಿಗ್ಗೆ ಬಾಗಿಲಿಗೇ ದನ ಹೊಡೆದುಕೊಂಡು ಬಂದು, ಮನೆಯವರ ಕಣ್ಣೆದುರೇ ಕರೆದುಕೊಡುತ್ತಾನೆ. ಕರೆಯುವ ಮೊದಲು ಪಾತ್ರೆಯನ್ನು ಬೋರಲು ಹಾಕಿ, ಒಳಗೆ ನೀರಿಲ್ಲ ಎಂದು ತೋರಿಸಬೇಕು. ನನ್ನ ಹೆಂಡತಿ ಸರಸ್ವತಿ ಇದರಲ್ಲಿ ಬಲು ಬಿಗಿ. ಗೋವಿಂದನ್ ಬೋರಲು ಹಾಕಿದ್ದನ್ನು ತಾನೂ ಒಮ್ಮೆ ಬೋರಲು ಹಾಕಿ ನೋಡುತ್ತಾಳೆ. ಕರೆದು ಮುಗಿಯುವವರೆಗೆ ಅವಳ ಕಣ್ಣು ಪಾತ್ರೆಯಿಂದ ಕದಲುವುದಿಲ್ಲ.

ಅನುಮಾನದಲ್ಲಿ ನಮ್ಮದು ಒಳ್ಳೆಯ ಜೋಡಿ. ಆದರೆ ಈ ಜೋಡಿ ಒಮ್ಮೆಯೂ ಒಟ್ಟಿಗೆ ಕಾರಿನಲ್ಲಿ ಹೋದದ್ದಿಲ್ಲ.

"ಮಾಡಿಲ್ಲದ ಕಾರಲ್ಲಿ ನಾನು ಕೂತ್ಕೊಳ್ಳುದಿಲ್ಲ ಮಾರಾಯ್ರೆ," ಅಂದಿದ್ದಳು ಮೊದಲ ದಿನವೇ. "ಮೌಂಟ್ ರೋಡಲ್ಲಿ ನಮ್ಮವರ ಹೋಟೆಲು ಎಷ್ಟುಂಟು! ಗಲ್ಲಾಪೆಟ್ಟಿಗೆಯ ಮುಂದೆ ಕೂತವರೆಲ್ಲ ನಮ್ಮ ಊರಿನವರೇ. ಮೆರವಣಿಗೆ ಹೊರಟ ಹಾಗೆ ಕಾಣ್ತದೆ. ಮೊದಲು ಮಾಡು ಮಾಡಿಸಿ."

ದೊರೆ ಕೊಟ್ಟ ಮಾಡು ಆಗಲೇ ಚಿಂದಿಯಾಗಿತ್ತು. ಬಿಸಿಲಿಗೆ ಹಪ್ಪಳವಾಗಿ, ಮುಟ್ಟಿದಲ್ಲಿ ಹರಿಯುತ್ತಿತ್ತು. ಹಾಗಾಗಿ ಪಕ್ಕದ ಸೀಟು ಖಾಲಿಯೇ ಉಳಿಯಿತು. ಭಾನುವಾರ ಬೀಚಿಗೆ ನಾನೊಬ್ಬನೇ ಹೋಗಿ, ಕಡಲೆಕಾಯಿ ತಿಂದು, ನಾನೊಬ್ಬನೇ ಬರುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ: ಕಾರು ಕೊಂಡದ್ದೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವ ಆಸೆಗೆ. ಆ ಸೀಟಿನ ಧೂಳನ್ನು ಮಾತ್ರ ದಿನಾ ಒರೆಸಿಡುತ್ತಿದ್ದೆ.

ಅಂತೂ ರಾಯಪೇಟೆಯ ಏಳುಮಲೈ ಎಂಬ ಹುಡ್ ಹೊಲಿಯುವವನನ್ನು ಹಿಡಿದೆ. ಬಾಯಿತಪ್ಪಿ, "ಮಾಡು ಹೊಲಿಯಬೇಕು," ಎಂದು ನಮ್ಮ ಮಾತನ್ನೇ ತಮಿಳಿಗೆ ಸೇರಿಸಿ ಹೇಳಿಬಿಟ್ಟೆ. ತಮಿಳಿನಲ್ಲಿ ಮಾಡು ಎಂದರೆ ದನ ತಾನೇ?

ಏಳುಮಲೈ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮಾಟ್ಟ ತೈಕ್ಕಣುಮಾ ಸಾರ್? ನಾನ್ ಟೈಲರ್. ಡಾಕ್ಟರ್ ಇಲ್ಲೆ!"

ದನವನ್ನು ಹೊಲಿಯಲು ತಾನು ಡಾಕ್ಟರಲ್ಲ ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಹೇಳಿ ನಕ್ಕ. ಆಮೇಲೆ ಅವನಿಗೂ ಆ ಮಾತು ರುಚಿಸಿರಬೇಕು. ಅಳತೆಗೆ ಮನೆಗೆ ಬಂದವನು, "ಮಾಡು ಎಂಗೇ ಸಾರ್?" ಮಾಡು ಎಲ್ಲಿ, ಎಂದೇ ಕೇಳುತ್ತ ಬಂದ. ತನ್ನ ಮಿಷನ್ನು ಭಾರ, ಮನೆಗೆ ತರಲಾಗದು ಎಂದು ಹಳೆಯ ಮಾಡನ್ನು ಬಿಚ್ಚಿ ಅಂಗಡಿಗೆ ಒಯ್ದ. ನನ್ನ ಕಾರಿನ ಒಂದು ಅಂಗ ನನ್ನ ಕಣ್ಣು ತಪ್ಪಿಸಿ ಹೊರಗೆ ಹೋದದ್ದು ಅದೇ ಮೊದಲು. ಕೊಡುತ್ತೇನೆಂದ ದಿನ ಕೊಡಲಿಲ್ಲ. ನಾಳೆ ಅಂದ. ಮತ್ತೂ ನಾಳೆ ಅಂದ.

ನನ್ನ ಮನಸ್ಸು ಈ ಸ್ಥಿತಿಯಲ್ಲಿದ್ದಾಗಲೇ ಆ ಶುಕ್ರವಾರ ಬಂದದ್ದು.

ಕಾರು ನಿಲ್ಲುವುದು ಹಿತ್ತಿಲಿನ ಹಳೆಯ ಕೊಟ್ಟಿಗೆಯಲ್ಲಿ. ಹಿಂದೆ ಯಾರೋ ದನ ಕಟ್ಟುತ್ತಿದ್ದ ಜಾಗ. ಕಲ್ಲಿನ ಬಾನಿ ಇನ್ನೂ ಇದೆ. ಅದರಲ್ಲಿ ನಾನು ಸೀಮೆಎಣ್ಣೆ ಹೊಯ್ದು ನಟ್ಟು ಬೋಲ್ಟು ತೊಳೆಯುತ್ತೇನೆ. ಅವತ್ತು ಕಾರಿನ ಅಡಿ ಸೇರಿ ಗ್ರೀಸ್ ಬಳಿಯುತ್ತಿದ್ದೆ. ಗೇಟಿನ ಬಳಿ ಸರಸ್ವತಿಯ ಸೀರೆಯ ಅಂಚು ಕಂಡಿತು. ಅದರೆದುರು ಒಂದು ಜೊತೆ ಗಂಡುಕಾಲು, ಮೊಣಕಾಲಿನವರೆಗೆ ಮಾತ್ರ.

"ಪಳಯ ಮಾಡು ಇನಿಮೇ ಉದವಾದಮ್ಮಾ. ವಿತ್ತುಡಪ್ಪೋರೇನ್," ಅಂದವು ಕಾಲುಗಳು.

ಹಳೆಯ ಮಾಡು ಇನ್ನು ಕೆಲಸಕ್ಕೆ ಬಾರದು, ಮಾರಿಬಿಡುತ್ತೇನೆ! ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು.

ಅದಕ್ಕೆ ನನ್ನ ಹೆಂಡತಿ ತಗ್ಗಿದ ದನಿಯಲ್ಲಿ, "ಐಯಾ ಕಿಟ್ಟೆ ಮಟ್ಟುಂ ಸೊಲ್ಲಾದೇ," ಅಂದಳು. ಯಜಮಾನರಿಗೆ ಮಾತ್ರ ಹೇಳಬೇಡ. "ಅವರು ಆಫೀಸುಕ್ಕು ಪೋನಪ್ಪರಂ ವಾ." ಅವರು ಆಫೀಸಿಗೆ ಹೋದ ಮೇಲೆ ಬಾ.

ಏಳುಮಲೈ ನನ್ನ ಮನೆ ಗೇಟಿನವರೆಗೆ ಬಂದು ನನ್ನನ್ನು ಬಿಟ್ಟು ನನ್ನ ಹೆಂಡತಿಯ ಹತ್ತಿರ ವ್ಯವಹಾರ ಮಾಡುತ್ತಿದ್ದಾನೆ! ಅವಳು ಯಾಕೆ ಸೇರಿಕೊಂಡಳು? ಉತ್ತರ ಕಾರಿನ ಅಡಿಯಲ್ಲೇ ಹೊಳೆಯಿತು. ಮಾಡು ಬಂದರೆ ಅವಳು ಕಾರಿನಲ್ಲಿ ಕೂರಬೇಕು, ಹೇಳಿದ ಮಾತು ಅದು. ಮಾಡೇ ಬರದಿದ್ದರೆ? ಕೂರುವುದು ತಪ್ಪಿತಲ್ಲ! ನನ್ನ ಪಕ್ಕದಲ್ಲಿ ಕೂರುವುದು ಇವಳಿಗೆ ಅಷ್ಟೊಂದು ಬೇಡವೇ?

ನಿಜ ಹೇಳುತ್ತೇನೆ, ನನಗೆ ಸಿಟ್ಟು ಬರಲಿಲ್ಲ. ಅಳು ಬಂದ ಹಾಗಾಯಿತು.

ತಕ್ಷಣ ಎದ್ದು ಕೇಳಬಾರದಿತ್ತೇ ಅನ್ನುತ್ತೀರಿ. ಅನುಮಾನದ ಮನುಷ್ಯ ಕೇಳುವುದಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆ. ನಾನು ಕೈ ತೊಳೆದು, ತಿಂಡಿಗೆ ಕೂತು, ಎಲ್ಲೋ ನೋಡುತ್ತ, "ಮಾಡಿನ ಕತೆ ಏನಾಯಿತೋ," ಅಂದೆ.

"ಬರ್ತದೆ, ಬರ್ತದೆ. ನಿಮಗೆ ಅವಸರ ಎಂತಕ್ಕೆ?" ಅಂದಳು. ಮುಸಿಮುಸಿ ನಗುತ್ತಿದ್ದಳು. ಇಡ್ಲಿಗೆ ತುಪ್ಪ ಬೇರೆ ಹಾಕಿದಳು, ಕೇಳದೆ. ಕೇಳದೆ ತುಪ್ಪ ಹಾಕುವ ಹೆಂಡತಿಯನ್ನು ನಂಬಬಹುದೇ?

ಆಫೀಸಿಗೆ ಎಂದು ಹೊರಟವನು ಬಸ್ಸು ಹತ್ತಿ ನೇರ ರಾಯಪೇಟೆಗೆ ಹೋದೆ. ಏಳುಮಲೈ ಮಿಷನ್ನಿನ ಮುಂದಿದ್ದ. "ಹಳೇ ಮಾಡು ಎಲ್ಲಿ? ಯಾರಿಗೆ ಮಾರಿದೆ? ಅಮ್ಮ ಏನು ಹೇಳಿಕೊಟ್ಟಳು?" ಎಂದು ತಮಿಳಿನಲ್ಲಿ ಗದರಿದೆ.

ಅವನು ನನ್ನ ಮುಖ ನೋಡಿದ. ಎದ್ದು ಒಳಗೆ ಹೋದ. ಒಂದು ಕಂಕುಳಲ್ಲಿ ಹಳೆಯ ಮಾಡು, ಇನ್ನೊಂದರಲ್ಲಿ ಹೊಸದು ಹಿಡಿದು ಬಂದು ನನ್ನ ಮುಂದೆ ಹಾಕಿದ. "ಅಮ್ಮಾವಾ? ಅಮ್ಮಾವ ನಾನ್ ಪಾತ್ತದೇ ಇಲ್ಲೆ ಸಾರ್!"

ಅಮ್ಮನನ್ನು ನೋಡಿಯೇ ಇಲ್ಲವಂತೆ. ನಾನು ಅವನ ಕಾಲು ನೋಡಿದೆ. ಹೊಳೆಯುವ ಬೂಟು ಹಾಕಿದ್ದ. ಅಂಗಡಿಯಲ್ಲೂ ಬೂಟು ಬಿಚ್ಚದ ಮನುಷ್ಯ. ಬೆಳಿಗ್ಗೆ ಗೇಟಿನಲ್ಲಿ ಕಂಡದ್ದು ಬರಿಗಾಲು, ಅದೂ ಸೆಗಣಿ ಮೆತ್ತಿದ ಬರಿಗಾಲು. ಪತ್ತೇದಾರಿಕೆ ಮಾಡುವವನು ಕಾಲನ್ನೇ ಸರಿಯಾಗಿ ನೋಡದಿದ್ದರೆ ಹೇಗೆ?

ಎರಡೂ ಮಾಡುಗಳನ್ನು ಹೊತ್ತು ರಿಕ್ಷಾ ಹತ್ತಿದೆ. ಈಗ ಅನುಮಾನ ಮೊದಲಿಗಿಂತ ಹೆಚ್ಚಾಗಿತ್ತು. ನನ್ನ ಮಾಡು ನನ್ನ ತೊಡೆಯ ಮೇಲೇ ಇದೆ. ಹಾಗಾದರೆ ಮನೆಯಲ್ಲಿ ಮಾರಾಟವಾಗುತ್ತಿರುವ ಮಾಡು ಯಾವುದು?

ಗೇಟು ತೆರೆದರೆ, ಕಾರು ಬೇವಿನ ಮರದ ಪಕ್ಕ ಬಿಸಿಲಲ್ಲಿ ನಿಂತಿದೆ. ಬಾನೆಟ್ಟಿನ ಮೇಲೆ ಕಾಗೆ. (ಹ್ಯಾಂಡ್‌ಬ್ರೇಕ್ ಬಿಡಿಸುವುದನ್ನು ಸರಸ್ವತಿ ಯಾವಾಗ ಕಲಿತಳು?) ಕೊಟ್ಟಿಗೆ ಗುಡಿಸಿದ್ದಾರೆ. ಬಾನಿಯಿಂದ ನನ್ನ ನಟ್ಟು ಬೋಲ್ಟು ಮಾಯ, ಅದರ ತುಂಬ ಅಕ್ಕಿ ತೊಳೆದ ನೀರು. ಆ ನೀರಿಗೆ ಮೂತಿ ಇಟ್ಟು ನಿಂತಿದೆ ಗೋವಿಂದನ್‌ನ ಹಳೆಯ ದನ. ಪಕ್ಕದಲ್ಲಿ ಗೋವಿಂದನ್. ಬರಿಗಾಲು, ಸೆಗಣಿ.

ಪಳಯ ಮಾಡು!

ಮದ್ರಾಸಿಗೆ ಬಂದು ಮೀಸೆ ನರೆತರೂ, ಆ ವಾರ ತಮಿಳಿನ ಮಾಡು ನನ್ನ ಕಿವಿಯಲ್ಲಿ ಕ್ಯಾನ್ವಾಸಾಗಿಯೇ ಕೇಳಿತ್ತು ನೋಡಿ.

"ಹೋಯ್, ಇವತ್ತು ಎಂತ ಬೇಗ?" ಅಂದಳು ಸರಸ್ವತಿ. ಮುಖದಲ್ಲಿ ಸಿಕ್ಕಿಬಿದ್ದವರ ಕಳೆ ಒಂದಿಷ್ಟೂ ಇರಲಿಲ್ಲ.

"ಇದೇನು?"

"ಕರು ಸತ್ತ ದನ. ಅದಕ್ಕೆ ಗೊತ್ತೇ ಇಲ್ಲ ಮಾರಾಯ್ರೆ. ಕರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ ಇವ ಎದುರು ಹಿಡೀತಾನೆ, ಅದು ಪಾಪ ನೆಕ್ಕಿ ನೆಕ್ಕಿ ಹಾಲು ಕೊಡ್ತದೆ. ನಾನು ದಿನಾ ಅಲ್ಲೇ ನಿಂತವಳು. ನೀರು ಸೇರಿಸಿ ನಮಗೆ ಮೋಸ ಆಗ್ಬಾರ್ದು ಅಂತ ಪಾತ್ರೆ ಕಾಯ್ತಾ ನಿಂತವಳು! ಮೋಸ ಆಗ್ತಾ ಇದ್ದದ್ದು ಯಾರಿಗೆ ಹೇಳಿ?" ಅವಳು ದನದ ಕುತ್ತಿಗೆ ಸವರಿದಳು. "ಈಗ ಹಾಲು ಕಡಿಮೆ ಆಯ್ತು, ಮಾರ್ತೇನೆ ಅಂದ. ಯಾರಿಗೆ ಮಾರುದು ಅಂತ ನನಗೆ ಗೊತ್ತುಂಟು. ನನಗೇ ಕೊಡು ಅಂದೆ. ಇನ್ನು ಆ ಹುಲ್ಲಿನ ಕರು ತೋರಿಸುದು ಬೇಡ. ಕೊಟ್ಟಷ್ಟು ಕೊಡಲಿ."

ಎಷ್ಟೋ ಬೆಳಿಗ್ಗೆ ನಾನೂ ಬಾಗಿಲಲ್ಲಿ ನಿಂತು ಅದೇ ಪಾತ್ರೆಯನ್ನು ನೋಡಿದವನು. ಆ ಕರುವಿನ ಮುಖ ಹೇಗಿತ್ತು ಎಂದು ಕೇಳಿದರೆ ನನಗೆ ನೆನಪಿಲ್ಲ.

"ನನಗೆ ಯಾಕೆ ಹೇಳಲಿಲ್ಲ?" ಅಂದೆ.

"ಹೇಳಿದ್ರೆ ನೀವು ಅದರ ಅಡಿಗೂ ಮಲಗಿ ನೋಡ್ತಿದ್ರಿ."

ಗೋವಿಂದನ್‌ಗೆ ಕನ್ನಡ ಬರುವುದಿಲ್ಲ. ಆದರೂ ನಕ್ಕ.

"ಮತ್ತೆ ನನ್ನ ಕಾರು?"

ಸರಸ್ವತಿ ರಿಕ್ಷಾದಲ್ಲಿದ್ದ ಹೊಸ ಮಾಡನ್ನು ನೋಡಿದಳು, ಕಾರನ್ನು ನೋಡಿದಳು. "ಅದಕ್ಕೆ ಮಾಡು ಬಂತಲ್ಲ. ಮಾಡು ಇದ್ದದ್ದಕ್ಕೆ ಮತ್ತೊಂದು ಮಾಡು ಎಂತಕ್ಕೆ?"

ಓದುಗರೇ, ಈ ವಾದಕ್ಕೆ ಉತ್ತರವಿದ್ದರೆ ದಯವಿಟ್ಟು ಕಾಗದ ಬರೆಯಿರಿ. ಇಷ್ಟು ಕಾಲ "ಮಾಡು ಮಾಡಿಸಿ, ಮಾಡು ಮಾಡಿಸಿ" ಎಂದು ಪೀಡಿಸಿದ್ದು ಮೌಂಟ್ ರೋಡಿನವರ ಕಣ್ಣಿಗೆ ಹೆದರಿಯೋ, ಕೊಟ್ಟಿಗೆಯ ಮೇಲೆ ಕಣ್ಣಿಟ್ಟೋ? ಅದನ್ನು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಆದರೆ ಮಾತು ತಪ್ಪುವವಳಲ್ಲ. ಭಾನುವಾರ ಹೊಸ ಮಾಡು ಏರಿಸಿ, ಗುಂಡಿ ಬಿಗಿದು, ಹಾರ್ನ್ ಹೊಡೆದೆ. ಮಲ್ಲಿಗೆ ಮುಡಿದು ಬಂದು ಪಕ್ಕದ ಸೀಟಿನಲ್ಲಿ ಕೂತಳು! ಗೇರು ಒಮ್ಮೆಗೆ ಬೀಳಲಿಲ್ಲ. "ಬೀಚಿಗೇ?" ಅಂದೆ.

"ವೇಲಚೇರಿಗೆ."

ಗದ್ದೆ, ಕೆರೆ, ಎತ್ತಿನ ಗಾಡಿ ಬಿಟ್ಟರೆ ವೇಲಚೇರಿಯಲ್ಲಿ ಇನ್ನೇನಿದೆ? ಏಕಾಂತ ಬೇಕಾಗಿದೆ ಎಂದುಕೊಂಡು ಹಿಗ್ಗಿ ಹೀರೇಕಾಯಿಯಾದೆ. ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಬಾಗಿಲು ಹಿಡಿದು ಕೂತಿದ್ದಳು. ಗಿಂಡಿ ದಾಟುವಾಗ ಒಂದು ಕೈ ಬಿಟ್ಟಳು. ಅಲ್ಲಿ ಹೋಗಿ ನೋಡಿದರೆ ಒಬ್ಬ ರೈತ ಬೈಹುಲ್ಲಿನ ಹೊರೆ ಕಟ್ಟಿಟ್ಟು ಕಾಯುತ್ತಿದ್ದಾನೆ. ಗೋವಿಂದನ್ ಮೊದಲೇ ಹೇಳಿಟ್ಟಿದ್ದನಂತೆ.

ಹೊರೆ ಕಾರಿನೊಳಗೆ ಹಿಡಿಯಲಿಲ್ಲ. ಹೇಗೆ ತುರುಕಿದರೂ ಹಿಡಿಯಲಿಲ್ಲ.

"ಹೋಯ್, ಮಾಡು ತೆಗೀರಿ," ಅಂದಳು ಸರಸ್ವತಿ.

ತೆಗೆದೆ. ಹೊಸ ಕ್ಯಾನ್ವಾಸಿನ ವಾಸನೆ ಇನ್ನೂ ಹೋಗಿರಲಿಲ್ಲ. ಹಿಂದೆ ಹುಲ್ಲು, ನಡುವೆ ಹುಲ್ಲು, ಅವಳ ಮಡಿಲಲ್ಲಿ ಹುಲ್ಲು. ಮೌಂಟ್ ರೋಡಿನಲ್ಲಿ ನಮ್ಮ ಊರಿನವರ ಹೋಟೆಲುಗಳ ಮುಂದೆಯೇ, ಮೆರವಣಿಗೆಯಂತೆಯೇ ಬಂದೆವು. ಗಾಳಿಗೆ ಹುಲ್ಲು ಹಾರಿ ಅವಳ ತಲೆ ತುಂಬ ಕೂತಿತು. ಗಲ್ಲಾಪೆಟ್ಟಿಗೆಯ ಮುಂದಿದ್ದವರೊಬ್ಬರು ಎದ್ದು ನಿಂತು ನೋಡಿದರು. ಸರಸ್ವತಿ ಅವರಿಗೆ ಕೈ ಬೀಸಿದಳು! ನಾನು ಇಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಮರುದಿನ ಬೆಳಿಗ್ಗೆ ತನ್ನ ದನವನ್ನು ತಾನೇ ಕರೆಯಲು ಕೂತಳು. ಹುಲ್ಲಿನ ಕರುವಿಲ್ಲ, ಗೋವಿಂದನ್ ಇಲ್ಲ. ಕೂತವಳು ಒಮ್ಮೆ ಹಿಂತಿರುಗಿ, ಪಾತ್ರೆಯನ್ನು ಬೋರಲು ಹಾಕಿ ನನಗೆ ತೋರಿಸಿದಳು.

ನಾನು ಬಗ್ಗಿ ನೋಡಿದೆ.